ಐವತ್ತು ಗ್ರಾಂ ಹಳೆ ಚಿನ್ನಕ್ಕೆ ಎಪ್ಪತ್ತೈದು ಗ್ರಾಂ ಹೊಸದು: ಒಂದು ಮಿಶ್ರಣದ ಲೆಕ್ಕ

ಎರಡು ಹಳೆ ಒಡವೆ. ಒಂದು ಸರ, 30 ಗ್ರಾಂ, ಟಚ್ 75. ಒಂದು ಜೊತೆ ಬಳೆ, 20 ಗ್ರಾಂ, ಟಚ್ 85. ಎರಡನ್ನೂ ಕರಗಿಸಿ, ಬೇಕಾದಷ್ಟು ಅಪ್ಪಟ ಚಿನ್ನ ಸೇರಿಸಿ 916ರ ಬಳೆ ಮಾಡಿಸಬೇಕು. ಎಷ್ಟು ಅಪ್ಪಟ ಚಿನ್ನ ಬೇಕು?

ಇದು ಪಠ್ಯಪುಸ್ತಕದ ಪ್ರಶ್ನೆಯಲ್ಲ. ನಮ್ಮ ಬೀದಿಯ ಒಂದು ಮನೆಯಲ್ಲಿ ಮದುವೆಗೆ ಮುಂಚೆ ಎದ್ದ ಪ್ರಶ್ನೆ. ಮದುವೆ ದೊಡ್ಡ ಮಗಳದ್ದು. ಚಿಕ್ಕವಳು ಎಸ್ಸೆಸ್ಸೆಲ್ಸಿ, ನನ್ನ ಹತ್ತಿರ ಗಣಿತದ ಪಾಠಕ್ಕೆ ಬರುತ್ತಾಳೆ. ಮಗ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾನೆ. ಈ ಒಂದು ಪ್ರಶ್ನೆಗೆ ಆ ಮನೆಯಲ್ಲಿ ಮೂರು ಉತ್ತರ ಬಂದಿದ್ದವು. ತಾಯಿಯ ಅಂದಾಜು ಹತ್ತು ಗ್ರಾಂ. ಚಿಕ್ಕ ಮಗಳು ಲೆಕ್ಕ ಹಾಕಿ ತೆಗೆದದ್ದು 6.3 ಗ್ರಾಂ. ಒಡವೆ ಮಾಡುವ ಆಚಾರ್ರು ಹೇಳಿದ್ದು 75 ಗ್ರಾಂ. ಕೊನೆಯದನ್ನು ಕೇಳಿ ತಾಯಿಗೆ ಸಿಟ್ಟು ಬಂತು. "ಮೇಷ್ಟ್ರೇ, ನಾವು ಐವತ್ತು ಗ್ರಾಂ ಕೊಟ್ರೆ ಮೇಲೆ ಎಪ್ಪತ್ತೈದು ಗ್ರಾಂ ಕೇಳ್ತಾರಲ್ಲ, ಇದೇನು ನ್ಯಾಯ? ನೀವೇ ಒಂದ್ಸಲ ನೋಡಿ ಹೇಳಿ" ಅಂತ ಚೀಟಿ ತಂದುಕೊಟ್ಟರು.

ಆಚಾರ್ರ ಲೆಕ್ಕ ಸರಿಯಾಗಿತ್ತು. ಆದರೂ ಆ ಉತ್ತರದಿಂದ ಆ ಮನೆಗೆ ಏನೂ ಉಪಯೋಗವಿರಲಿಲ್ಲ. ಈ ಪ್ರಕರಣವನ್ನು ಬರೆಯುತ್ತಿರುವುದೇ ಅದಕ್ಕೆ. ಓದುವವರಿಗೆ ಸುಲಭವಾಗಲಿ ಅಂತ ತೂಕ ಮತ್ತು ಟಚ್ಚನ್ನು ಸ್ವಲ್ಪ ರೌಂಡ್ ಮಾಡಿದ್ದೇನೆ. ಸರದ ಕೊಳೆ, ಬಳೆಯೊಳಗಿನ ಅರಗು ಎಲ್ಲ ಕಳೆದ ತೂಕ ಇದು.

ಮೊದಲು ಟಚ್ ಅಂದರೆ ಏನು ಅಂತ ನೋಡಿಬಿಡೋಣ. ನೂರು ಗ್ರಾಂ ಒಡವೆಯಲ್ಲಿ ಅಪ್ಪಟ ಚಿನ್ನ ಎಷ್ಟು ಗ್ರಾಂ ಇದೆಯೋ ಅದೇ ಟಚ್. ಉಳಿದದ್ದು ತಾಮ್ರ, ಬೆಳ್ಳಿ ಮುಂತಾದ ಬೆರಕೆ. ಕ್ಯಾರೆಟ್ ಲೆಕ್ಕದಲ್ಲಿ ಪೂರ್ತಿ ಅಪ್ಪಟ ಅಂದರೆ 24. ಹಾಗಾಗಿ 18 ಕ್ಯಾರೆಟ್ ಅಂದರೆ 24ರಲ್ಲಿ 18 ಭಾಗ, ನೂರಕ್ಕೆ 75. 22 ಕ್ಯಾರೆಟ್ ಅಂದರೆ ನೂರಕ್ಕೆ 91.6 ಚಿಲ್ಲರೆ. ಹಾಲ್‌ಮಾರ್ಕ್‌ನಲ್ಲಿ ಇದನ್ನೇ ಸಾವಿರಕ್ಕೆ 916 ಅಂತ ಒತ್ತುತ್ತಾರೆ. ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನವರು ಚಿನ್ನಕ್ಕೆ ಹಾಲ್‌ಮಾರ್ಕ್ ಶುರು ಮಾಡಿದ್ದು 2000ದಲ್ಲಿ, ಹಂತ ಹಂತವಾಗಿ ಕಡ್ಡಾಯವಾಗಿದ್ದು 2021ರ ಜೂನ್‌ನಿಂದ. ಅದಕ್ಕೂ ಮುಂಚಿನ ಒಡವೆಗಳ ಕಥೆ ಬೇರೆ. ಈ ಮನೆಯವರು ಎರಡೂ ಒಡವೆಯನ್ನು "ಇಪ್ಪತ್ತೆರಡು ಕ್ಯಾರೆಟ್" ಅಂತ ನಂಬಿಯೇ ಇಷ್ಟು ವರ್ಷ ಬೀರುವಿನಲ್ಲಿ ಇಟ್ಟಿದ್ದರು. ಬಳೆ 85 ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಹಳೆ ಒಡವೆಗಳಲ್ಲಿ ಬೆಸುಗೆಗೆ ಹಾಕಿದ ಲೋಹವೇ ಟಚ್ಚನ್ನು ಕೆಳಗೆ ಎಳೆಯುತ್ತದೆ.

ಹುಡುಗಿಯ ನೋಟ್‌ಬುಕ್

ಚಿಕ್ಕವಳ ಲೆಕ್ಕವನ್ನು ಪೂರ್ತಿ ನೋಡುವುದು ಒಳ್ಳೆಯದು. ಮಿಶ್ರಣದ ಲೆಕ್ಕದಲ್ಲಿ ಮಕ್ಕಳು ಎಡವುವ ಎರಡು ಮುಖ್ಯ ಜಾಗಗಳೂ ಅದರಲ್ಲಿ ಇದ್ದವು. ಒಂದನ್ನು ಅವಳೇ ತಿದ್ದಿಕೊಂಡಿದ್ದಳು.

ಮೊದಲ ಸಾಲಿನಲ್ಲಿ 75 ಮತ್ತು 85 ಕೂಡಿಸಿ ಎರಡರಿಂದ ಭಾಗಿಸಿ 80 ಅಂತ ಬರೆದು, ಆಮೇಲೆ ಹೊಡೆದುಹಾಕಿದ್ದಳು. ಸರ ಮತ್ತು ಬಳೆ ಒಂದೇ ತೂಕವಿದ್ದರೆ 80 ಸರಿ. ಇಲ್ಲಿ ಸರ ಜಾಸ್ತಿ ಇದೆ, ಸರದ ಟಚ್ ಕಡಿಮೆ ಇದೆ. ಅಂದಮೇಲೆ ಉತ್ತರ 80ಕ್ಕಿಂತ ಸ್ವಲ್ಪ ಕೆಳಗೆ ಬರಲೇಬೇಕು. ಅವಳು ತಿದ್ದಿ ಬರೆದದ್ದು ಹೀಗೆ:

ಸರದಲ್ಲಿ ಅಪ್ಪಟ ಚಿನ್ನ: 30 × 0.75 = 22.5 ಗ್ರಾಂ
ಬಳೆಯಲ್ಲಿ ಅಪ್ಪಟ ಚಿನ್ನ: 20 × 0.85 = 17 ಗ್ರಾಂ
ಒಟ್ಟು: 50 ಗ್ರಾಂನಲ್ಲಿ 39.5 ಗ್ರಾಂ, ಅಂದರೆ ಟಚ್ 79

80 ಎಲ್ಲಿ, 79 ಎಲ್ಲಿ, ಒಂದೇ ಒಂದು ವ್ಯತ್ಯಾಸ ಅಲ್ವಾ ಅನ್ನಿಸಬಹುದು. 50 ಗ್ರಾಂಗೆ ಅದು ಅರ್ಧ ಗ್ರಾಂ ಅಪ್ಪಟ ಚಿನ್ನ. ಚಿನ್ನದ ಅಂಗಡಿಯಲ್ಲಿ ಅರ್ಧ ಗ್ರಾಂ ಬಿಟ್ಟು ಬರುವವರು ಯಾರೂ ಇಲ್ಲ.

ಮುಂದಿನ ಹೆಜ್ಜೆಯೂ ನೋಡಲು ತುಂಬಾ ಸರಿಯಾಗಿಯೇ ಕಾಣುತ್ತದೆ. 50 ಗ್ರಾಂ 916 ಆಗಬೇಕಾದರೆ ಅದರಲ್ಲಿ 50 × 0.916 = 45.8 ಗ್ರಾಂ ಅಪ್ಪಟ ಚಿನ್ನ ಇರಬೇಕು. ಇರುವುದು 39.5. ಕೊರತೆ 6.3 ಗ್ರಾಂ. ಹಾಗಾಗಿ 6.3 ಗ್ರಾಂ ಸೇರಿಸಬೇಕು. ಉತ್ತರದ ಕೆಳಗೆ ಎರಡು ಗೆರೆ ಎಳೆದಿದ್ದಳು.

"ಸರಿ, ಸೇರಿಸಿದ ಮೇಲೆ ಟಚ್ ಎಷ್ಟು ಬರುತ್ತೆ ನೋಡು" ಅಂದೆ. ಅಪ್ಪಟ ಚಿನ್ನ 39.5 + 6.3 = 45.8 ಗ್ರಾಂ. ಒಟ್ಟು ತೂಕ ಈಗ 50 ಅಲ್ಲ, 56.3 ಗ್ರಾಂ. 45.8 ಭಾಗಿಸು 56.3. ಸುಮಾರು 81.3. 79ರಿಂದ 91.6ಕ್ಕೆ ಹೋಗಬೇಕಿತ್ತು, ಹೋದದ್ದು 81.3ಕ್ಕೆ.

ಮಿಶ್ರಣದ ಲೆಕ್ಕದಲ್ಲಿ ನಾನು ನೋಡಿದ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಜಾತಿಯವು. ಕೊರತೆಯನ್ನು ಹಳೆಯ ಒಟ್ಟು ತೂಕದ ಮೇಲೆ ಲೆಕ್ಕ ಹಾಕುತ್ತಾರೆ, ಸೇರಿಸಿದ ಮೇಲೆ ಒಟ್ಟು ತೂಕವೇ ಬದಲಾಯಿತು ಅನ್ನುವುದು ಬಿಟ್ಟುಹೋಗುತ್ತದೆ. ಗುಣಾಕಾರ ಭಾಗಾಕಾರ ಎಲ್ಲ ಸರಿ ಇರುತ್ತದೆ. ಅದಕ್ಕೇ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಹುಡುಗಿ ಅಲ್ಲಿಗೆ ನಿಲ್ಲಿಸಲಿಲ್ಲ. ಅವಳು ಮುಂದೆ ಮಾಡಿದ್ದು ನನಗೆ ತುಂಬಾ ಹಿಡಿಸಿತು. ಸಮೀಕರಣ ಬರೆಯದೆ, ಹೊಸ ಕೊರತೆ ಎಷ್ಟು ಅಂತ ಮತ್ತೆ ಲೆಕ್ಕ ಹಾಕಿದಳು. 56.3 ಗ್ರಾಂ 916 ಆಗಲು 51.57 ಗ್ರಾಂ ಅಪ್ಪಟ ಬೇಕು, ಇರುವುದು 45.8, ಕೊರತೆ 5.77. ಅದನ್ನೂ ಸೇರಿಸಿದಳು. ಮತ್ತೆ ಕೊರತೆ, ಈಗ 5.29. ಸೇರಿಸಿದಳು. ಆಮೇಲೆ 4.84. ಅಷ್ಟು ಹೊತ್ತಿಗೆ 22 ಗ್ರಾಂ ಮೇಲೆ ಸೇರಿಸಿ ಆಗಿತ್ತು, ಟಚ್ ಇನ್ನೂ 85ರ ಹತ್ತಿರವೇ ಇತ್ತು. "ಸರ್, ಇದು ಮುಗಿಯೋದೇ ಇಲ್ಲ" ಅಂದಳು.

ಕೊರತೆಗಳನ್ನು ಸಾಲಾಗಿ ಬರೆದರೆ 6.3, 5.77, 5.29, 4.84. ಪ್ರತಿ ಸಂಖ್ಯೆಯೂ ಹಿಂದಿನದರ 0.916 ಪಟ್ಟು. ಇದು ಗುಣೋತ್ತರ ಶ್ರೇಢಿ. ಕೊನೆಯಿಲ್ಲದೆ ಹೋದರೂ ಮೊತ್ತ ಒಂದು ಕಡೆ ನಿಲ್ಲುತ್ತದೆ. 6.3 ಅನ್ನು (1 − 0.916)ರಿಂದ, ಅಂದರೆ 0.084ರಿಂದ ಭಾಗಿಸಿದರೆ ಸರಿಯಾಗಿ 75. ಹುಡುಗಿಯ ದಾರಿ ತಪ್ಪಿರಲಿಲ್ಲ, ಉದ್ದವಾಗಿತ್ತು ಅಷ್ಟೇ. ಆಚಾರ್ರ 75 ಆ ದಾರಿಯ ತುದಿಯಲ್ಲೇ ಇತ್ತು.

ಸಮೀಕರಣ ಹೇಳುವುದೇನು

ಸೇರಿಸಬೇಕಾದ ಅಪ್ಪಟ ಚಿನ್ನ ಕ್ಷ ಗ್ರಾಂ ಅಂತ ಇಟ್ಟುಕೊಳ್ಳಿ. ಸೇರಿಸಿದ ಮೇಲೆ ಒಟ್ಟು ತೂಕ 50 + ಕ್ಷ. ಅದರಲ್ಲಿ ಅಪ್ಪಟ 39.5 + ಕ್ಷ. ಹಾಗಾಗಿ

39.5 + ಕ್ಷ = 0.916 × (50 + ಕ್ಷ)
39.5 + ಕ್ಷ = 45.8 + 0.916 ಕ್ಷ
0.084 ಕ್ಷ = 6.3
ಕ್ಷ = 75

ಬಲಗಡೆಯ ಆವರಣದೊಳಗೂ ಕ್ಷ ಇದೆ. ಹುಡುಗಿಯ ಮೊದಲ ಲೆಕ್ಕದಲ್ಲಿ ಬಿಟ್ಟುಹೋಗಿದ್ದು ಅದೊಂದೇ.

ಉತ್ತರ ಬಂತು, ಆದರೆ ತಾಯಿಗೆ ಇದರಿಂದ ಸಮಾಧಾನವಾಗಲಿಲ್ಲ. ಆಗುವುದೂ ಇಲ್ಲ. ಕೊರತೆ ಆರು ಗ್ರಾಂ ಇದ್ದರೆ ಎಪ್ಪತ್ತೈದು ಗ್ರಾಂ ಯಾಕೆ ಬೇಕು ಅನ್ನುವುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಮೂರನೇ ಸಾಲಿನ 0.084ರಲ್ಲಿ ಇದೆ. ಒಂದು ಗ್ರಾಂ ಅಪ್ಪಟ ಚಿನ್ನ ಒಳಗೆ ಬಂದರೆ ಒಟ್ಟು ತೂಕವೂ ಒಂದು ಗ್ರಾಂ ಏರುತ್ತದೆ. ಆ ಹೊಸ ಗ್ರಾಂ ಕೂಡ 916 ಇರಬೇಕಲ್ಲ? ಹಾಗಾಗಿ ತಂದ ಸಾವಿರ ಮಿಲಿಗ್ರಾಂನಲ್ಲಿ 916 ಅದಕ್ಕೇ ಬೇಕು. ಹಳೆ ಚಿನ್ನದ ಕೊರತೆ ತುಂಬಲು ಉಳಿಯುವುದು 84 ಮಿಲಿಗ್ರಾಂ. ಬೆಂಗಳೂರಿಗೆ ಕೆಲಸಕ್ಕೆ ಹೋದ ಮಗ ಸಾವಿರ ದುಡಿದು, 916 ತನ್ನ ಖರ್ಚಿಗೆ ಇಟ್ಟುಕೊಂಡು, 84 ಮನೆಗೆ ಕಳಿಸಿದ ಹಾಗೆ. ಮನೆಯ ಸಾಲ 6,300 ಇದೆ. ಎಷ್ಟು ಜನ ಮಕ್ಕಳು ಬೇಕು? 75. ಇದನ್ನು ಹೇಳಿದಾಗ ತಾಯಿ ನಕ್ಕರು. "ಹಾಗಾದ್ರೆ ಆಚಾರ್ರು ಸುಳ್ಳು ಹೇಳಿಲ್ಲ" ಅಂದರು.

ಆಚಾರ್ರು ಇದನ್ನು ಬಾಯಲ್ಲೇ ಹೇಗೆ ಹೇಳಿದರು ಅನ್ನುವ ಕುತೂಹಲ ನನಗಿತ್ತು. ಕೇಳಿದಾಗ ಅವರು ಚಿನ್ನದ ಮಾತೇ ಎತ್ತಲಿಲ್ಲ. "ಇದರಲ್ಲಿ ಹತ್ತೂವರೆ ಗ್ರಾಂ ಬೆರಕೆ ಇದೆ. 916ರಲ್ಲಿ ನೂರಕ್ಕೆ ಎಂಟು ಪಾಯಿಂಟ್ ನಾಲ್ಕು ಬೆರಕೆ ಇರಬಹುದು. ಹತ್ತೂವರೆಯನ್ನ ಹಾಗೆ ಹರಡೋಕೆ ನೂರ ಇಪ್ಪತ್ತೈದು ಗ್ರಾಂ ಬೇಕು. ನಿಮ್ಮದು ಐವತ್ತಿದೆ, ಉಳಿದದ್ದು ಎಪ್ಪತ್ತೈದು." ಅಷ್ಟೇ.

ಇದಕ್ಕಿಂತ ಚೊಕ್ಕವಾದ ದಾರಿ ನನಗೆ ಗೊತ್ತಿಲ್ಲ. ಅಪ್ಪಟ ಚಿನ್ನ ಸೇರಿಸುವಾಗ ಚಿನ್ನ ಬದಲಾಗುತ್ತದೆ, ಒಟ್ಟು ತೂಕ ಬದಲಾಗುತ್ತದೆ, ಟಚ್ ಬದಲಾಗುತ್ತದೆ. ಬದಲಾಗದೆ ಕೂತಿರುವುದು ಬೆರಕೆ ಒಂದೇ. 50 − 39.5 = 10.5 ಗ್ರಾಂ, ಮೊದಲೂ ಅಷ್ಟೇ, ಕೊನೆಗೂ ಅಷ್ಟೇ. ಅದನ್ನು ಹಿಡಿದುಕೊಂಡರೆ ಸಮೀಕರಣದ ಎರಡೂ ಬದಿಯಲ್ಲಿ ಕ್ಷ ಬರುವ ರಗಳೆಯೇ ಇಲ್ಲ. 10.5 ÷ 0.084 = 125. ಶಾಲೆಯ ಪ್ರಶ್ನೆಗೂ ಇದು ಹಾಗೇ ಹೊಂದುತ್ತದೆ. 40 ಲೀಟರ್ ಹಾಲಿನಲ್ಲಿ 10% ನೀರಿದೆ, 20% ಆಗಲು ಎಷ್ಟು ನೀರು ಹಾಕಬೇಕು ಅಂತ ಕೇಳಿದರೆ ಮಕ್ಕಳು ಥಟ್ಟನೆ 4 ಲೀಟರ್ ಅನ್ನುತ್ತಾರೆ. ನೀರು ಹಾಕಿದರೆ ಹಾಲು ಬದಲಾಗುವುದಿಲ್ಲ, ಅದು 36 ಲೀಟರ್. ಅದು ಹೊಸ ಒಟ್ಟಿನ 80%. ಒಟ್ಟು 45 ಆಗಬೇಕು. ಹಾಕಬೇಕಾದದ್ದು 5 ಲೀಟರ್. ಹುಡುಗಿಗೆ ಇದನ್ನು ಕೊಟ್ಟಾಗ ಪೆನ್ನು ಎತ್ತದೆ ಹೇಳಿದಳು.

ಒಂದು ಉಪಕಥೆ: ಲೀಟರ್‌ಗಿಂತ ಗ್ರಾಂ ನಂಬಿಕಸ್ಥ. ತೂಕವನ್ನು ಕೂಡಿಸಿದರೆ ಯಾವಾಗಲೂ ಸರಿಹೋಗುತ್ತದೆ. ಅಳತೆ ಹಾಗಲ್ಲ. 50 ಮಿಲಿಲೀಟರ್ ಆಲ್ಕೋಹಾಲ್‌ಗೆ 50 ಮಿಲಿಲೀಟರ್ ನೀರು ಹಾಕಿದರೆ ನೂರು ಬರುವುದಿಲ್ಲ, ಮೂರ್ನಾಲ್ಕು ಮಿಲಿಲೀಟರ್ ಕಡಿಮೆಯೇ ಬರುತ್ತದೆ. ಪುಸ್ತಕದ ಲೆಕ್ಕಗಳು ಇದನ್ನು ಸುಮ್ನೆ ಮರೆತುಬಿಡುತ್ತವೆ. ಪರೀಕ್ಷೆಗೆ ಪರವಾಗಿಲ್ಲ.

ಅಣ್ಣ ಬ್ಯಾಂಕ್ ಪರೀಕ್ಷೆಯ ಅಲಿಗೇಷನ್, ಅಂದರೆ ಎರಡು ವಸ್ತು ಯಾವ ಪ್ರಮಾಣದಲ್ಲಿ ಬೆರೆಯಬೇಕು ಅಂತ ಹೇಳುವ ಸೂತ್ರ, ಹಾಕಿದ. ಎಡಕ್ಕೆ 79, ಬಲಕ್ಕೆ 100, ನಡುವೆ 91.6, ಅಡ್ಡಡ್ಡ ಕಳೆದರೆ 8.4 ಮತ್ತು 12.6. ಅಂದರೆ 2 : 3. ಐವತ್ತಕ್ಕೆ ಎಪ್ಪತ್ತೈದು. ಹತ್ತು ಸೆಕೆಂಡೂ ಹಿಡಿಯಲಿಲ್ಲ. ಅದು ಯಾಕೆ ಸರಿ ಅಂತ ಅಮ್ಮ ಕೇಳಿದಾಗ ಮಾತ್ರ "ಫಾರ್ಮುಲಾ ಅಮ್ಮಾ" ಅಂದ. ಅಮ್ಮ ನಂಬಲಿಲ್ಲ. ಅಲಿಗೇಷನ್ ಕೆಟ್ಟದ್ದೇನಲ್ಲ. ನಾನು ಅದನ್ನು ಎಲ್ಲಕ್ಕಿಂತ ಕೊನೆಗೆ ಹೇಳಿಕೊಡುತ್ತೇನೆ.

ಕೊನೆಯ ಮೆಟ್ಟಿಲು

ಉತ್ತರ ಎಷ್ಟು ಬೇಗ ಏರುತ್ತದೆ ಅನ್ನುವುದನ್ನು ತೋರಿಸಲು ಹುಡುಗಿಗೆ ಗುರಿಯನ್ನು ಬದಲಾಯಿಸಿ ಕೊಟ್ಟೆ. ಇದೇ 50 ಗ್ರಾಂ 20 ಕ್ಯಾರೆಟ್, ಅಂದರೆ 833 ಆದರೆ ಸಾಕು ಅಂದರೆ ಸುಮಾರು 12.9 ಗ್ರಾಂ ಅಪ್ಪಟ ಸಾಕು. 22 ಕ್ಯಾರೆಟ್‌ಗೆ 75 ಗ್ರಾಂ. 23 ಕ್ಯಾರೆಟ್, ಅಂದರೆ 958 ಬೇಕೆಂದರೆ? ಕೊರತೆ 47.9 − 39.5 = 8.4 ಗ್ರಾಂ. ಪ್ರತಿ ಗ್ರಾಂನಿಂದ ಉಳಿಯುವುದು 42 ಮಿಲಿಗ್ರಾಂ. 200 ಗ್ರಾಂ ಬೇಕು. 24 ಕ್ಯಾರೆಟ್‌ಗೆ ಎಷ್ಟು ಸೇರಿಸಿದರೂ ಆಗುವುದಿಲ್ಲ. ಸೇರಿಸುವ ವಸ್ತುವಿನ ಟಚ್‌ಗೆ ಗುರಿ ಹತ್ತಿರವಾದಷ್ಟೂ ಕೆಳಗಿನ ಛೇದ ಸಣ್ಣದಾಗುತ್ತದೆ, ಉತ್ತರ ಆಕಾಶಕ್ಕೆ ಏರುತ್ತದೆ.

ಹಾಗೆಯೇ, ಅಪ್ಪಟ ಅಂತ ನಾವು ಕರೆಯುವುದು ಪೂರ್ತಿ ನೂರು ಇರುವುದಿಲ್ಲ. ಮಾರುಕಟ್ಟೆಯಲ್ಲಿ ಗಟ್ಟಿ ಚಿನ್ನ ಸಿಗುವುದು 999 ಅಥವಾ 995. ಸಾವಿರಕ್ಕೆ ಒಂದು ಕಡಿಮೆಯಾದರೆ 75ರ ಬದಲು 75.9 ಗ್ರಾಂ ಬೇಕು. 995 ಆದರೆ 79.7 ಗ್ರಾಂ. ಸೇರಿಸುವ ಚಿನ್ನದಲ್ಲಿ ಅರ್ಧ ಟಚ್ ಹೋದರೆ ಐದು ಗ್ರಾಂ ಹತ್ತಿರ ಜಾಸ್ತಿ.

ಹಳೆ ಚಿನ್ನದ ಟಚ್ ಅಳೆಯುವುದರಲ್ಲಿ ತಪ್ಪಾದರೆ ಇನ್ನೂ ಕಷ್ಟ. ಕರಗಿಸಿದ ಗಟ್ಟಿಯ ಟಚ್ 79ರ ಬದಲು 78 ಬಂದರೆ ಕೊರತೆ 6.8, ಬೇಕಾದ ಅಪ್ಪಟ 81 ಗ್ರಾಂ. ಒಂದು ಟಚ್‌ಗೆ ಆರು ಗ್ರಾಂ! ಒರೆಗಲ್ಲಿಗೆ ಉಜ್ಜಿ ಬಣ್ಣ ನೋಡಿ ಹೇಳುವವರ ಕಣ್ಣು ಎಷ್ಟೇ ಪಳಗಿದ್ದರೂ ಇಷ್ಟು ಸೂಕ್ಷ್ಮ ಸಿಗುವುದು ಕಷ್ಟ. ಅಂಗಡಿಗಳಲ್ಲಿರುವ, ಎಕ್ಸ್-ಕಿರಣ ಹಾಯಿಸಿ ಟಚ್ ಹೇಳುವ ಎಕ್ಸ್‌ಆರ್‌ಎಫ್ ಯಂತ್ರ ಮೇಲ್ಮೈಯನ್ನು ಓದುತ್ತದೆ. ಮೇಲೆ ಲೇಪ ಇದ್ದರೆ, ಒಳಗೆ ಬೆಸುಗೆ ಇದ್ದರೆ ಅದು ತೋರಿಸುವುದೇ ಬೇರೆ. ಹಾಗಾಗಿ ಮೊದಲು ಕರಗಿಸಿ, ಚೆನ್ನಾಗಿ ಕಲಸಿ, ಆಮೇಲೆ ಗಟ್ಟಿಯ ಟಚ್ ನೋಡುವುದು ಒಳ್ಳೆಯದು. ಪಕ್ಕಾ ಬೇಕೆಂದರೆ ಹಾಲ್‌ಮಾರ್ಕ್ ಕೇಂದ್ರದಲ್ಲಿ ಮೂಸೆಗೆ ಹಾಕಿ ಮಾಡುವ ಪರೀಕ್ಷೆ ಇದೆ. ಸಣ್ಣ ಚೂರು ತೆಗೆದು, ಬೆರಕೆಯನ್ನೆಲ್ಲ ತೆಗೆದು, ಉಳಿದ ಚಿನ್ನವನ್ನು ತೂಗಿ ಹೇಳುತ್ತಾರೆ.

ಎಂಟುನೂರು ವರ್ಷದ ಹಿಂದೆ ಇದೇ ಪ್ರಶ್ನೆ

ಎರಡನೇ ಭಾಸ್ಕರಾಚಾರ್ಯರ 'ಲೀಲಾವತಿ' ಸುಮಾರು 1150ರದ್ದು. ಅದರಲ್ಲಿ ಚಿನ್ನದ ಲೆಕ್ಕಕ್ಕೇ ಒಂದು ಭಾಗವಿದೆ. ಅಲ್ಲಿ ಟಚ್‌ಗೆ ವರ್ಣ ಅನ್ನುತ್ತಾರೆ, ಅಪ್ಪಟ ಅಂದರೆ 16 ವರ್ಣ. ತೂಕ ಮಾಷದಲ್ಲಿ. ಒಂದು ಪ್ರಶ್ನೆ ಹೀಗಿದೆ: 10 ವರ್ಣದ ಚಿನ್ನ 3 ಮಾಷ, 14 ವರ್ಣದ್ದು 1 ಮಾಷ. ಇದಕ್ಕೆ 16 ವರ್ಣದ್ದು ಎಷ್ಟು ಸೇರಿಸಿದರೆ 12 ವರ್ಣವಾಗುತ್ತದೆ? ನಮ್ಮ ಸರ, ಬಳೆ, ಅಪ್ಪಟದ ಪ್ರಶ್ನೆಯೇ. ಹುಡುಗಿ ಮಾಡಿದಳು: ಇರುವುದು 30 + 14 = 44. ನಾಲ್ಕು ಮಾಷ 12 ವರ್ಣವಾಗಲು 48 ಬೇಕು. ಕೊರತೆ 4. ಸೇರಿಸುವ ಪ್ರತಿ ಮಾಷದಿಂದ ಉಳಿಯುವುದು 16 − 12 = 4. ಉತ್ತರ 1 ಮಾಷ.

ಭಾಸ್ಕರರಿಗಿಂತ ಮೂರು ಶತಮಾನ ಹಿಂದೆ, ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ದ ಮಿಶ್ರಕ ವ್ಯವಹಾರದಲ್ಲೂ ಚಿನ್ನ ಬೆರೆಸುವ ಲೆಕ್ಕಗಳಿವೆ. ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ.

ಲೀಲಾವತಿಯ ಇನ್ನೊಂದು ಲೆಕ್ಕ ನಮ್ಮ ಪ್ರಕರಣದ ಗಂಟು ಬಿಚ್ಚಿತು. 13, 12, 11, 10 ವರ್ಣದ ಚಿನ್ನ ಕ್ರಮವಾಗಿ 10, 4, 2, 4 ಮಾಷ. ಒಟ್ಟು 20 ಮಾಷ ಕರಗಿಸಿದರೆ ಎಷ್ಟು ವರ್ಣ? ತೂಕ ಮತ್ತು ವರ್ಣ ಗುಣಿಸಿ ಕೂಡಿಸಿದರೆ 240. 20ರಿಂದ ಭಾಗಿಸಿದರೆ 12. ಇಲ್ಲಿಯವರೆಗೆ ಹೊಸದೇನಿಲ್ಲ. ಅದೇ 20 ಮಾಷವನ್ನು ಶುದ್ಧ ಮಾಡಿ 16 ಮಾಷಕ್ಕೆ ಇಳಿಸಿದರೆ? 240 ÷ 16 = 15 ವರ್ಣ. ಪೂರ್ತಿ 16 ವರ್ಣಕ್ಕೆ ತಂದರೆ ಎಷ್ಟು ಮಾಷ ಉಳಿಯುತ್ತದೆ? 240 ÷ 16 = 15 ಮಾಷ. 240 ಮಾತ್ರ ಎಲ್ಲೂ ಅಲ್ಲಾಡುವುದಿಲ್ಲ.

ಟಚ್ ಏರಿಸಲು ಎರಡು ದಾರಿ ಇವೆ ಅಂತ ಇದರ ಅರ್ಥ. ಅಪ್ಪಟ ಸೇರಿಸಬಹುದು, ಬೆರಕೆ ತೆಗೆಯಬಹುದು. ಆ ಮನೆಯಲ್ಲಿ ಯಾರೂ ಎರಡನೆಯದನ್ನು ಕೇಳಿರಲಿಲ್ಲ. ಕೇಳದ್ದಕ್ಕೆ ಆಚಾರ್ರೂ ಹೇಳಿರಲಿಲ್ಲ.

ಕೇಳಬೇಕಾಗಿದ್ದ ಪ್ರಶ್ನೆ

ನಾನು ತಾಯಿಯನ್ನು ಕೇಳಿದೆ, ಬಳೆ ಎಷ್ಟು ಗ್ರಾಂ ಇರಬೇಕು? ನಾಲ್ಕು ಬಳೆ, ಒಟ್ಟು 60 ಗ್ರಾಂ ಅಂದರು. ಹಳೆಯದು ಐವತ್ತು, ಮೇಲೆ ಹತ್ತು, ಅರವತ್ತು ಆಯಿತಲ್ಲ ಅನ್ನುವುದು ಅವರ ಮನಸ್ಸಿನ ಲೆಕ್ಕ. ಹತ್ತು ಗ್ರಾಂ ಅನ್ನುವ ಅಂದಾಜು ಬಂದದ್ದೂ ಅಲ್ಲಿಂದಲೇ. ಹಾಗೆ ಮಾಡಿದರೆ 49.5 ÷ 60, ಟಚ್ 82.5. ಹಾಲ್‌ಮಾರ್ಕ್ ಕೇಂದ್ರದಲ್ಲಿ 916 ಅಂತ ಯಾರೂ ಒತ್ತುವುದಿಲ್ಲ.

"ಎಷ್ಟು ಅಪ್ಪಟ ಸೇರಿಸಬೇಕು" ಅಂತ ಕೇಳಿದ್ದಕ್ಕೆ 75 ಬಂತು. ಆಗ ಆಗುವುದು 125 ಗ್ರಾಂ ಬಳೆ. ಅದು ಯಾರಿಗೂ ಬೇಕಿರಲಿಲ್ಲ. ಬೇಕಿದ್ದ ಪ್ರಶ್ನೆ: 60 ಗ್ರಾಂ 916 ಮಾಡಲು ಹಳೆಯದು ಎಷ್ಟು, ಅಪ್ಪಟ ಎಷ್ಟು? ಈಗ ಅಜ್ಞಾತಗಳು ಎರಡು. ಹುಡುಗಿಯ ಪುಸ್ತಕದಲ್ಲೇ ಇರುವ ಪಾಠ. ಹಳೆಯದು ಕ್ಷ, ಅಪ್ಪಟ ಯ.

ಕ್ಷ + ಯ = 60
0.79 ಕ್ಷ + ಯ = 54.96

ಮೊದಲನೆಯದರಿಂದ ಎರಡನೆಯದನ್ನು ಕಳೆದರೆ 0.21 ಕ್ಷ = 5.04. ಕ್ಷ = 24, ಯ = 36. ಕಳೆದ ಮೇಲೆ ಉಳಿದ ಸಾಲನ್ನು ಒಮ್ಮೆ ಗಮನಿಸಿ. ಅದು ಬೆರಕೆಯ ಲೆಕ್ಕ. 60 ಗ್ರಾಂ 916ರಲ್ಲಿ 5.04 ಗ್ರಾಂ ಬೆರಕೆ ಇರಬಹುದು, ಹಳೆ ಚಿನ್ನದ ಪ್ರತಿ ಗ್ರಾಂನಲ್ಲಿ 0.21 ಬೆರಕೆ ಇದೆ, ಅಂದಮೇಲೆ 24 ಗ್ರಾಂ ಹಳೆಯದನ್ನಷ್ಟೇ ಹಾಕಬಹುದು. ಆಚಾರ್ರ ಬಾಯಿಲೆಕ್ಕ ಇಲ್ಲೂ ಕೆಲಸ ಮಾಡಿತು.

ಹೀಗೆ ಮಾಡಿದರೆ 36 ಗ್ರಾಂ ಅಪ್ಪಟ ಕೊಳ್ಳಬೇಕು, 26 ಗ್ರಾಂ ಹಳೆ ಚಿನ್ನ ಮನೆಯಲ್ಲೇ ಉಳಿಯುತ್ತದೆ.

ಎರಡನೇ ದಾರಿ: 50 ಗ್ರಾಂ ಪೂರ್ತಿ ಪುಟಕ್ಕಿಟ್ಟು ಶುದ್ಧ ಮಾಡಿಸುವುದು. 39.5 ಗ್ರಾಂ ಅಪ್ಪಟ ಕೈಗೆ ಬರುತ್ತದೆ. 60 ಗ್ರಾಂ ಬಳೆಗೆ 54.96 ಬೇಕು. ಕೊಳ್ಳಬೇಕಾದದ್ದು 15.46 ಗ್ರಾಂ. ಮೇಲೆ 5.04 ಗ್ರಾಂ ಹೊಸ ಬೆರಕೆ ಆಚಾರ್ರೇ ಹಾಕುತ್ತಾರೆ.

36 ಮತ್ತು 15.46 ನೋಡಿ ತಾಯಿಗೆ ಮತ್ತೆ ಅನುಮಾನ ಬಂತು. ಎರಡಕ್ಕೂ ಇಪ್ಪತ್ತು ಗ್ರಾಂ ಅಂತರ ಹೇಗೆ? ಹುಡುಗಿಗೆ ಹೇಳಿದೆ, ಮೊದಲ ದಾರಿಯಲ್ಲಿ ಮನೆಯಲ್ಲಿ ಉಳಿದ 26 ಗ್ರಾಂನಲ್ಲಿ ಅಪ್ಪಟ ಎಷ್ಟಿದೆ ನೋಡು ಅಂತ. 26 × 0.79 = 20.54. 36ರಲ್ಲಿ 15.46 ಕಳೆದರೂ 20.54. ಒಂದು ಮಿಲಿಗ್ರಾಂ ಕೂಡ ಆಚೀಚೆ ಇಲ್ಲ. ಚಿನ್ನ ಎಲ್ಲೂ ಮಾಯವಾಗಿಲ್ಲ, ಒಂದು ದಾರಿಯಲ್ಲಿ ಬೀರುವಿನಲ್ಲಿದೆ, ಇನ್ನೊಂದರಲ್ಲಿ ಕೈಯಲ್ಲಿದೆ. ಇಷ್ಟನ್ನು ಹಾಳೆಯ ಮೇಲೆ ತೋರಿಸಿದ ಮೇಲೆ ಆ ಮನೆಯಲ್ಲಿ ಚರ್ಚೆ ಅರ್ಧ ಮುಗಿಯಿತು.

ಶುದ್ಧ ಮಾಡುವ ಒಂದು ಹಳೆಯ ವಿಧಾನ ಕೇಳಲು ತಮಾಷೆಯಾಗಿದೆ. ನೈಟ್ರಿಕ್ ಆಸಿಡ್ ಬೆಳ್ಳಿ, ತಾಮ್ರವನ್ನು ಕರಗಿಸುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಆದರೆ ಚಿನ್ನ ಜಾಸ್ತಿ ಇದ್ದರೆ ಅದು ಬೆರಕೆಯನ್ನು ಒಳಗೇ ಮುಚ್ಚಿಟ್ಟುಕೊಂಡು ಆಸಿಡ್ ತಲುಪದಂತೆ ಮಾಡುತ್ತದೆ. ಹಾಗಾಗಿ ಮೊದಲು ಬೆಳ್ಳಿ ಸೇರಿಸಿ ಟಚ್ಚನ್ನು ಸುಮಾರು 25ಕ್ಕೆ ಇಳಿಸುತ್ತಾರೆ! 39.5 ಗ್ರಾಂ ಚಿನ್ನ ಕಾಲು ಭಾಗವಾಗಬೇಕಾದರೆ ಒಟ್ಟು 158 ಗ್ರಾಂ, ಅಂದರೆ 108 ಗ್ರಾಂ ಬೆಳ್ಳಿ ಹಾಕಬೇಕು. ಹುಡುಗಿ ಇದನ್ನು ತಾನೇ ಹಾಕಿದಳು. ಈ ಸಲ ಬದಲಾಗದೆ ಇರುವುದು ಚಿನ್ನ ಅಂತ ಅವಳಿಗೆ ಹೇಳಬೇಕಾಗಲಿಲ್ಲ.

ಮೂರನೇ ದಾರಿ ಅಂಗಡಿಯಲ್ಲಿ ಹಳೆಯದನ್ನು ಕೊಟ್ಟು ಹೊಸ ಬಳೆ ತೆಗೆದುಕೊಳ್ಳುವುದು. ಒಂದು ಅಂಗಡಿಯವರು "ಎರಡು ಕಡಿತ" ಅಂದಿದ್ದರು. ಎರಡು ಏನು ಅಂತ ಕೇಳಲೇಬೇಕು. ಎರಡು ಟಚ್ ಕಡಿತ ಅಂದರೆ 79ರ ಬದಲು 77, ಸಿಗುವುದು 38.5 ಗ್ರಾಂ ಅಪ್ಪಟದ ಬೆಲೆ, ಹೋದದ್ದು ಒಂದು ಗ್ರಾಂ. ತೂಕದಲ್ಲಿ ಎರಡು ಪರ್ಸೆಂಟ್ ಕಡಿತ ಅಂದರೆ 49 × 0.79 = 38.71, ಹೋದದ್ದು 0.79 ಗ್ರಾಂ. ಹೊಸ ಬಳೆಗೆ ಮೇಕಿಂಗ್ ಚಾರ್ಜ್, ವೇಸ್ಟೇಜ್ ಬೇರೆ. ಬೆಲೆ ದಿನಾ ಬದಲಾಗುವುದರಿಂದ ರೂಪಾಯಿ ಬಿಟ್ಟು ಗ್ರಾಂನಲ್ಲೇ ಮೂರೂ ದಾರಿಯನ್ನು ಹೋಲಿಸಿದೆವು. ಯಾವ ಅಂಗಡಿಗೆ ಹೋದರೂ ಕೈಯಲ್ಲಿ ಇಟ್ಟುಕೊಳ್ಳಬೇಕಾದ ಸಂಖ್ಯೆ 39.5 ಅಂತ ತಾಯಿಗೆ ಬರೆದುಕೊಟ್ಟೆ.

ಅವರು ಎರಡನೇ ದಾರಿ ಹಿಡಿದರು. ಗಟ್ಟಿ ಶುದ್ಧವಾಗಿ ಬಂತು. ಕೆಲಸದಲ್ಲಿ ಸ್ವಲ್ಪ ನಷ್ಟ ಇದ್ದೇ ಇರುತ್ತದೆ, ಅದನ್ನು ಆಚಾರ್ರು ಮೊದಲೇ ಹೇಳಿದ್ದರು. ಹದಿನೈದೂವರೆಗಿಂತ ತುಸು ಜಾಸ್ತಿ ಅಪ್ಪಟ ಕೊಂಡರು, 999ರದ್ದು. ಬಳೆಗಳು ಹಾಲ್‌ಮಾರ್ಕ್ ಆಗಿ ಬಂದವು, ಒಂದೊಂದರ ಮೇಲೂ ಆರು ಅಕ್ಷರ ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆ.

ತಾಯಿಯ ಕೊನೆಯ ಪ್ರಶ್ನೆ ಅಂಗಡಿಯಲ್ಲೇ ಬಂತು. "ಆ ಹತ್ತೂವರೆ ಗ್ರಾಂ ಬೆರಕೆಯಲ್ಲಿ ಬೆಳ್ಳೀನೂ ಇತ್ತಲ್ಲ ಆಚಾರ್ರೇ, ಅದೆಲ್ಲಿ?" ಆಚಾರ್ರು ಶುದ್ಧ ಮಾಡಿಸಿದ ಕೂಲಿಯ ಚೀಟಿ ತೆಗೆದು ತೋರಿಸಿದರು. ಬೆಳ್ಳಿಯ ಬೆಲೆ ಅದರಲ್ಲಿ ಕಳೆದಿತ್ತು. ಹುಡುಗಿ ಚೀಟಿಯನ್ನು ಕೈಗೆ ತೆಗೆದುಕೊಂಡು ಮತ್ತೊಮ್ಮೆ ಕೂಡಿ ನೋಡಿದಳು.